ದೂಮಪ್ಪನ ಬ್ರಿಟಿಷ್ ಪಿಚ್ಚರು

ಕೊಲ್ಲಿ ನಾಡಿನ ಅಲ್ ಗರಾಫಾದ ಆ ಕಟ್ಟಡದಲ್ಲಿ ಕನ್ನಡ ಸಂಘದ ಸನ್ಮಾನದ ಶಾಲು ಹೊದೆಯದೆ ಉಳಿದಿದ್ದ ಗಂಡಸೆಂದರೆ ದೂಮಪ್ಪ ಒಬ್ಬನೇ. ಹಾಡಿದವರಿಗೆ ಶಾಲು, ರಕ್ತ ಕೊಟ್ಟವರಿಗೆ ಶಾಲು, ಕೊನೆಗೆ ಊಟ ಬಡಿಸಿದವರಿಗೂ ಶಾಲು! ಆ ಹೊಟ್ಟೆಯುರಿಯಲ್ಲೇ ಆತ ಒಂದು ದಿನ ಲಿಫ್ಟಿನಲ್ಲಿ, "ನಾನು ಬ್ರಿಟಿಷ್ ಪಿಚ್ಚರಿನಲ್ಲಿ ಪಾರ್ಟು ಮಾಡಿದ್ದೇನೆ ಮಾರಾಯ್ರೆ" ಎಂದು ಪಿಚ್ಚರಿನ ಹೆಸರನ್ನೂ ಹೇಳಿಬಿಟ್ಟ. ಸಣ್ಣಪುಟ್ಟ ಟೋಪಿ ಹಾಕಿ ಬದುಕುವ ಮೋಸಗಾರನೊಬ್ಬನ ಕತೆ; ಯಾರೂ ಕೇಳಿರದ ಪಿಚ್ಚರು. ಹೆಸರನ್ನು ಎಲ್ಲೋ ಓದಿದ್ದ ಅಷ್ಟೆ, ಸ್ವತಃ ಆತನೂ ನೋಡಿರಲಿಲ್ಲ.

ಯಾರೂ ಕೇಳಿರದ್ದನ್ನು ಹುಡುಕಿ ತೆಗೆಯುವುದೇ ಸಂಘದ ಕಾರ್ಯದರ್ಶಿ ಶರೀಫನ ಚಾಳಿ. ಶುಕ್ರವಾರ ನಮಾಜು ಮುಗಿಸಿದವನು ಹೆಂಡತಿ ಸುಬೈದಾಳನ್ನೂ ಮೇಲ್ಮಹಡಿಯ ಟೆರೆನ್ಸನನ್ನೂ ಕಟ್ಟಿಕೊಂಡು ಬಂದು ಬಾಗಿಲು ತಟ್ಟಿದ. ಬಗಲಲ್ಲಿ ಜರಿಯಂಚಿನ ಶಾಲು.

"ದೂಮಪ್ಪಣ್ಣ, ಪಿಚ್ಚರ್ ಸಿಕ್ಕಿತು! ಯಲ್ಲಾ, ಬೇಗ ಬೇಗ ಟೀವಿ ಹಾಕಿ. ನಿಮ್ಮ ಸೀನ್ ಬಂದ ಕೂಡಲೇ ಇಲ್ಲೇ ಸನ್ಮಾನ!"

ದೂಮಪ್ಪನ ಹೆಂಡತಿ ಚೆನ್ನು ಆಗಲೇ ತವರಿಗೆಲ್ಲ ಫೋನಿನಲ್ಲಿ ಡಂಗುರ ಹೊಡೆದಾಗಿತ್ತು. ಈಗ ಸುಳ್ಳು ಹೊರಬಿದ್ದರೆ ಈ ಕಟ್ಟಡದಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ.

ದೂಮಪ್ಪ ಮೊದಲು ಇಂಟರ್ನೆಟ್ಟಿನ ವೈರು ಕಿತ್ತ. "ಚಿಂತೆ ಇಲ್ಲ, ಪೆನ್ ಡ್ರೈವಿನಲ್ಲಿ ತಂದಿದ್ದೇನೆ" ಎಂದ ಶರೀಫ್. ದೂಮಪ್ಪ ರಿಮೋಟನ್ನು ಸೋಫಾದ ಸಂದಿಗೆ ತಳ್ಳಿದ. ಅದರ ಮೇಲೆ ಕೂತ ಸುಬೈದಾ ಚುಚ್ಚಿತೆಂದು ಹೊರತೆಗೆದಳು. ಕಡೆಗೆ ಮೈನ್ ಸ್ವಿಚ್ಚನ್ನೇ ಆರಿಸಿದ. ಏಸಿ ನಿಂತು ಎಲ್ಲರೂ ಇಡ್ಲಿಯಂತೆ ಬೇಯತೊಡಗಿದಾಗ ಟೆರೆನ್ಸನೇ ಹೋಗಿ ಹಾಕಿ ಬಂದ.

ಪಿಚ್ಚರು ಶುರುವಾಯಿತು. ಲಂಡನ್ನು, ಹಿಮ, ಓಟ, ಪೊಲೀಸರು. ಮುಖ ಕಂಡಾಗಲೆಲ್ಲ "ಇದಾ? ಇದಾ?" ಎಂದು ಕೂಗಾಟ. ದೂಮಪ್ಪನ ಅಂಗಿ ಬೆವರಿಗೆ ಮೈಗಂಟಿತ್ತು.

ಅಷ್ಟರಲ್ಲಿ ಸೇತುವೆಯ ಮೇಲೊಬ್ಬ ಬಂದು ನಿಂತ. ದೂಮಪ್ಪನದೇ ಬಕ್ಕತಲೆ, ಅದೇ ದಪ್ಪ ಕುತ್ತಿಗೆ. ಅರ್ಧ ತಿರುಗಿದ: ಅದೇ ಮೀಸೆ!

"ದೂಮಪ್ಪಣ್ಣ!" ಟೆರೆನ್ಸ್ ಸಿಳ್ಳೆ ಹೊಡೆದ.

ದೂಮಪ್ಪನಿಗೆ ಹೋದ ಜೀವ ಬಂದಂತಾಯಿತು. "ಹೌದು, ನಾನೇ! ನಾನೇ!" ಎಂದು ಕುಣಿದೇಬಿಟ್ಟ. ಶರೀಫ್ ಶಾಲು ಹೊದಿಸಿದ, ಚಪ್ಪಾಳೆಯೋ ಚಪ್ಪಾಳೆ.

ಆಗ ಕೆಂಚುಗೂದಲ ಹೆಂಗಸೊಬ್ಬಳು ಓಡಿಬಂದು ಸೇತುವೆಯವನನ್ನು ಅಪ್ಪಿಕೊಂಡಳು. ಅವನು ಮುತ್ತು ಕೊಟ್ಟ. ಬಿಡಲೂ ಇಲ್ಲ. ಚಪ್ಪಾಳೆ ನಿಂತಿತು.

"ಟೆರೆನ್ಸಣ್ಣ, ಇದು ಯಾವ ವರ್ಷದ್ದು ನೋಡಿ" ಎಂದಳು ಚೆನ್ನು ಮೆಲ್ಲಗೆ.

"ಎರಡು ಸಾವಿರದ ಹದಿನಾರು ಚೆನ್ನಕ್ಕ."

"ನನ್ನ ತಮ್ಮ ವಿಕಾಸನ ಮದುವೆಯ ವರ್ಷ! ರಜೆ ಸಿಗ್ಲಿಲ್ಲ ಅಂತ ನನ್ನೊಬ್ಬಳನ್ನೇ ಊರಿಗೆ ಕಳಿಸಿ ನೀವು ಲಂಡನ್ನಿಗೆ ಹೋದದ್ದಾ?"

"ಅಯ್ಯೋ, ಅದು ನಾನಲ್ಲ ಮಾರಾಯ್ತಿ!" ದೂಮಪ್ಪ ಕಣ್ಣೀರು ಹಾಕಿದ. "ನಾನು ಲಂಡನ್ ನೋಡ್ಲೇ ಇಲ್ಲ. ಯಾವ ಪಿಚ್ಚರಿನಲ್ಲೂ ಮಾಡ್ಲಿಲ್ಲ. ಎಲ್ಲ ಸುಳ್ಳು, ಈ ಶಾಲಿಗಾಗಿ ಹೇಳಿದ ಸುಳ್ಳು!"

ಶರೀಫ್ ಬೆರಗಾಗಿ ಹೆಂಡತಿಯ ಕಡೆ ತಿರುಗಿದ. "ನೋಡು ಸುಬೈದಾ, ನಿಜವಾದ ಕಲಾವಿದ ಅಂದ್ರೆ ಇದು. ಈಗಲೂ ಎಂಥಾ ಆಕ್ಟಿಂಗು!"

ಚೆನ್ನು ಮಲಗುವ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

"ಇವತ್ತಿಂದ ನೀವು ಸೋಫಾದಲ್ಲೇ ಮಲಗಿ" ಎಂದು ಬಾಗಿಲಾಚೆಯಿಂದ ಕೂಗಿದಳು. "ಹೊದೆಯಲಿಕ್ಕೆ ಶಾಲು ಉಂಟಲ್ಲ!"