ನೊರ್ಬರ್ಟರನ್ನು ಎರಡನೇ ಸಲ ಕೇಳುವ ಬಗ್ಗೆ

ಇಂದ:
ಶ್ರೀಮತಿ ಆಗ್ನೆಸ್ ಮಿನೇಜಸ್,
ತಮ್ಮ ಸ್ಟೋರ್ ಇನ್‌ಚಾರ್ಜ್ ಶ್ರೀ ನೊರ್ಬರ್ಟ್ ಮಿನೇಜಸ್ ಇವರ ಧರ್ಮಪತ್ನಿ,
ಬೇಕರಿಯ ಮೇಲಿನ ಮಹಡಿ, ಅಲ್ ಖೌದ್.

ಗೆ:
ಶ್ರೀ ಅಬ್ದುಲ್ ಮಜೀದ್ ಬಿನ್ ಖಲ್ಫಾನ್,
ಮಾಲೀಕರು, ಬಾಗಿಲು ಮತ್ತು ಕಪಾಟುಗಳ ವರ್ಕ್‌ಶಾಪ್, ಅಲ್ ಮಬೇಲಾ.

ಮುಖಾಂತರ:
ಶ್ರೀ ಸಿನಾನ್, ಕಂಪನಿಯ ಡ್ರೈವರ್, ಊರು ಉಳ್ಳಾಲ. ಇವರು ಈ ಅರ್ಜಿಯನ್ನು ಕನ್ನಡದಲ್ಲಿ ಓದಿ ಅರಬ್ಬಿಯಲ್ಲಿ ಹೇಳತಕ್ಕವರು.

ವಿಷಯ: ತಮ್ಮ ಪಾಯಿಂಟ್ ಟೂ ಟೂ ರೈಫಲಿನಿಂದ ಒಂದು ಗುಂಡು ಹೊಡೆಯುವಂತೆ ಸದರಿ ನೊರ್ಬರ್ಟರನ್ನು ಇನ್ನೊಮ್ಮೆ ಕೇಳಬೇಕೆಂದು ಕೋರಿಕೆ.

ಉಲ್ಲೇಖ:
1. ತಾವು ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಸದರಿಯವರನ್ನು ಒಂದು ಸಲ ಬಾಯಿಮಾತಿನಲ್ಲಿ ಕೇಳಿದ್ದು.
2. ಅದಕ್ಕೆ ಸದರಿಯವರು ನಿಂತಲ್ಲೇ ‘ಬೇಡ ಸರ್’ ಎಂದದ್ದು.
3. ಶ್ರೀ ಸಿನಾನ್ ಕಾರಿನಲ್ಲಿ ಅರ್ಜಿದಾರಳಿಗೆ ಕೊಟ್ಟ ಮೌಖಿಕ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಅರ್ಜಿದಾರಳು ಮದುವೆಗೆ ಮುಂಚೆ ಉಡುಪಿ ಕಡೆಯ ಒಂದು ಗ್ರಾಮ ಪಂಚಾಯತಿಯಲ್ಲಿ ಗುಮಾಸ್ತೆಯಾಗಿದ್ದಳು. ಚುನಾವಣೆ ಬಂತೆಂದರೆ ನಮ್ಮ ಕಡೆ ಹಂದಿ ಓಡಿಸುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಚುನಾವಣೆ ಮುಗಿದ ಮೇಲೆ ವಾಪಸು ಕೇಳಿ ಅರ್ಜಿ ಹಾಕಬೇಕು. ಆ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು ಈ ಅರ್ಜಿದಾರಳೇ. ಆದ್ದರಿಂದ ಕೋವಿಯ ವಿಷಯದಲ್ಲಿ ಬರೆಯುವುದು ಆಕೆಗೆ ಹೊಸತಲ್ಲ. ಇಂಗ್ಲಿಷಿನಲ್ಲೂ ಬರೆಯಬಹುದಿತ್ತು. ಆದರೆ ಸ್ಪೆಲ್ಲಿಂಗ್ ಯೋಚಿಸುತ್ತ ಕೂತರೆ ಅರ್ಧದಲ್ಲೇ ಸಿಟ್ಟು ಇಳಿದುಬಿಡುತ್ತದೆ ಎಂಬ ಕಾರಣಕ್ಕೆ ಕನ್ನಡದಲ್ಲಿ ಬರೆಯಲಾಗಿದೆ. ಶ್ರೀ ಸಿನಾನ್ ಇವರು ಯಾವ ಕಲಮನ್ನೂ ನುಂಗದೆ, ಸ್ವಂತದ ಒಗ್ಗರಣೆಯನ್ನೂ ಹಾಕದೆ, ಇದ್ದದ್ದು ಇದ್ದ ಹಾಗೆ ಹೇಳುವುದಾಗಿ ಒಪ್ಪಿದ್ದಾರೆ.

1. ಸದರಿ ನೊರ್ಬರ್ಟ್ ಇವರಿಗೆ ಅರವತ್ತು ತುಂಬಿದೆ. ಈ ತಿಂಗಳ ಕೊನೆಗೆ ವೀಸಾ ಮುಗಿದು ಊರಿಗೆ ಹೊರಡುತ್ತಾರೆ. ಅವರು ಹುಟ್ಟಿದಾರಭ್ಯ ಯಾರಲ್ಲೂ ಏನನ್ನೂ ಕೇಳಿದವರಲ್ಲ. ಒಮ್ಮೆ ಜೂನ್ ತಿಂಗಳಲ್ಲಿ ಸ್ಟೋರಿನ ಎ.ಸಿ. ಕೆಟ್ಟಾಗ, ದೂರು ಹೇಳದೆ, ತಾವು ಪ್ಲೈವುಡ್ ಲೆಕ್ಕ ಕೇಳಲು ಒಳಗೆ ಬಂದು ಹೌಹಾರುವವರೆಗೂ ಅಲ್ಲೇ ಬೆವರಿಕೊಂಡು ಕೂತಿದ್ದವರು. ಸ್ವಂತ ಮದುವೆಯಲ್ಲಿ ಎರಡನೇ ಸಲ ಅನ್ನ ಕೇಳಲು ನಾಚಿ ಹಸಿದುಕೊಂಡೇ ಎದ್ದವರು. ನಮ್ಮ ನೊರ್ಬರ್ಟನನ್ನು ಮದುವೆಯಾಗುತ್ತೀಯಾ ಎಂದು ಅರ್ಜಿದಾರಳನ್ನು ಕೇಳಿದವರು ಕೂಡ ಅವರ ದೊಡ್ಡಮ್ಮ.

2. ತಮ್ಮ ರೈಫಲಿನ ಹಿಂಬದಿಯ ಮರ, ಅಂದರೆ ಭುಜಕ್ಕಿಟ್ಟು ಗುರಿ ನೋಡುವ ಭಾಗ, ಪಿಕಪ್ಪಿನ ಬಾಗಿಲಿಗೆ ಸಿಕ್ಕಿ ಸೀಳಿದಾಗ ತಾವು ಸ್ಟೋರಿಗೆ ಬಂದು ಸ್ವಲ್ಪ ಗೋಂದು ಕೇಳಿದಿರಿ. ಸದರಿಯವರು ಗೋಂದು ಕೊಟ್ಟು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಅಂಟಿಸಿ, ಕ್ಲಾಂಪ್ ಹಾಕಿ, ಉಜ್ಜಿ, ಎಣ್ಣೆ ಕೊಟ್ಟು, ಕೊನೆಗೆ ಈ ಮರವೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದರು. ತಮಗೂ ಅದು ಹೌದೆನಿಸಿತು. ಅಂದಿನಿಂದ ಆ ಕೋವಿಯ ಹುಚ್ಚು ತಮ್ಮಿಬ್ಬರಿಗೂ ಹಿಡಿದದ್ದು ಇಳಿದೇ ಇಲ್ಲ.

3. ತರುವಾಯ ಊರಿಗೆ ರಜೆಯಲ್ಲಿ ಹೋದಾಗ ಸದರಿಯವರು ಚೆನ್ನಾಗಿ ಒಣಗಿದ ಹಲಸಿನ ಹಲಗೆ ಹುಡುಕಿ ತಂದರು. ಬಜಪೆ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತು. ಪೆಟ್ಟಿಗೆ ಬಿಚ್ಚಿ, ಅರ್ಜಿದಾರಳು ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ಒಣಗಿಸಿದ್ದ ಹಲಸಿನ ಹಪ್ಪಳವನ್ನು ಹೊರಗೆ ಹಾಕಿ, ಹಲಸಿನ ಮರವನ್ನು ಒಳಗಿಟ್ಟರು. ಆ ವಿಷಯದ ವಿಚಾರಣೆ ಮನೆಯಲ್ಲಿ ಇನ್ನೂ ಬಾಕಿ ಇದೆ.

ಆ ಮರದಲ್ಲಿ ಹೊಸ ಹಿಂಬದಿ ಬಂತು. ಆಮೇಲೆ ಕೆನ್ನೆ ತಾಗಿಸಲು ಏರಿಸಿ ಇಳಿಸುವ ಪಟ್ಟಿ ಬಂತು. ಭುಜಕ್ಕೆ ರಬ್ಬರಿನ ಮೆತ್ತೆ ಬಂತು, ಹೆಬ್ಬೆರಳು ಕೂರಲು ಒಂದು ತಗ್ಗು ಬಂತು, ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಬಂತು. ಗುರಿ ನೋಡುವ ದುರ್ಬೀನು ಮೂರು ಸಲ ಬದಲಾಯಿತು. ನಳಿಗೆ ಮತ್ತು ಟ್ರಿಗರಿನ ಕೆಲಸವನ್ನು ತಾವು ಲೈಸೆನ್ಸ್ ಇರುವವರಲ್ಲೇ ಮಾಡಿಸಿದ್ದೀರಿ, ಅದಕ್ಕೆ ಸದರಿಯವರು ಕೈ ಹಾಕಿಲ್ಲ ಎಂಬುದು ದಾಖಲೆಯಲ್ಲಿರಲಿ. ಮರದ ಕೆಲಸಕ್ಕೆ ವರ್ಕ್‌ಶಾಪಿಗೆ ತರುವಾಗಲೂ ತಾವು ಬೋಲ್ಟು ತೆಗೆದು ಜೇಬಿಗೆ ಹಾಕಿಕೊಂಡು, ಗುಂಡು ಹಾರದ ಕೋವಿಯನ್ನೇ ಅವರ ಕೈಗೆ ಕೊಡುತ್ತಿದ್ದಿರಿ, ಪಕ್ಕದಲ್ಲೇ ಕೂತು ಕಹ್ವಾ ಕುಡಿಯುತ್ತಿದ್ದಿರಿ. ಇದರ ಬಗ್ಗೆ ಯಾವ ತಕರಾರೂ ಇಲ್ಲ.

4. ತಕರಾರು ಇರುವುದು ಅಳತೆಯ ಬಗ್ಗೆ. ಇಂಥ ಮರವನ್ನು ಹೊಡೆಯುವವನ ಕೈಯ ಉದ್ದಕ್ಕೆ, ಕತ್ತಿನ ಎತ್ತರಕ್ಕೆ ಸರಿಯಾಗಿ ಕೊಯ್ಯಬೇಕಂತೆ. ಅಳತೆ ತೆಗೆಯಲು ಸದರಿಯವರು ಟೇಪು ಹಿಡಿದು ತಮ್ಮ ಕ್ಯಾಬಿನ್ನಿನ ಬಾಗಿಲವರೆಗೆ ಬಂದಿದ್ದಾರೆ. ಮಾಲೀಕರನ್ನು, ಅಂದರೆ ಅರ್ಬಾಬರನ್ನು, ನಿಲ್ಲಿಸಿ ಕೈ ಎತ್ತಿ ಎನ್ನುವುದು ಹೇಗೆ ಎಂದು ವಾಪಸು ಹೋಗಿದ್ದಾರೆ. ಹಾಗಾಗಿ ಪ್ರತಿಯೊಂದು ತುಂಡನ್ನೂ ಸ್ಟೋರಿನ ಒಳಗೆ, ಪೇಂಟ್ ಡಬ್ಬಿಗಳ ನಡುವೆ ನಿಂತು, ಸ್ವಂತ ಭುಜಕ್ಕೆ ಇಟ್ಟು, ಸ್ವಂತ ಕೆನ್ನೆ ತಾಗಿಸಿ ನೋಡಿ ಕೊಯ್ದಿದ್ದಾರೆ.

ತಾವು ಆರಡಿಯ ಆಸಾಮಿ. ಸದರಿಯವರು ಚರ್ಚಿನ ಗ್ರೂಪ್ ಫೋಟೋದಲ್ಲಿ ಯಾವಾಗಲೂ ಮುಂದಿನ ಸಾಲಿನವರು. ಆದಕಾರಣ, ಆ ಕೋವಿ ಒಳ್ಳೊಳ್ಳೆಯದಾಗುತ್ತ ಹೋದ ಹಾಗೆ ತಮಗೆ ಅದು ಹೊಂದದೆ ಹೋಗುತ್ತ ಬಂತು. ತಾವು ಬಗ್ಗಿ, ಕತ್ತು ಕುಗ್ಗಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಹೊಡೆಯುತ್ತಿದ್ದೀರಿ ಎಂದೂ, ಸ್ಪರ್ಧೆಗೆ ಹೋಗುವಾಗ ತಮ್ಮ ತಮ್ಮನ ರೈಫಲನ್ನು ಗುಟ್ಟಾಗಿ ಒಯ್ಯುತ್ತೀರಿ ಎಂದೂ ಸಿನಾನ್ ಹೇಳಿದ್ದಾರೆ. ಈ ಸಾಲನ್ನು ಓದುವಾಗ ಸಿನಾನ್ ತಲೆ ಕೆಳಗೆ ಹಾಕಬಹುದು, ಬೈಯಬೇಡಿ. ನೊರ್ಬರ್ಟಿಗೆ ನೋವಾದೀತೆಂದು ತಾವು ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲ. ಅರ್ಜಿದಾರಳು ಇದಕ್ಕೆ ಋಣಿ. ಆದರೆ ಮಾತಾಡದೆ ಇರುವವರು ಒಬ್ಬರೇ ಇದ್ದಿದ್ದರೆ ವ್ಯವಹಾರ ಹೇಗೋ ಸಾಗುತ್ತಿತ್ತು, ಇಬ್ಬರಾದದ್ದರಿಂದ ಈ ಅರ್ಜಿ ಬರೆಯಬೇಕಾಯಿತು.

5. ಕೋವಿಡ್ ಕಳೆದ ಮೇಲೆ ರೇಂಜು ತೆರೆದಾಗ ತಾವು ಸದರಿಯವರನ್ನೂ ಕರೆದುಕೊಂಡು ಹೋದಿರಿ. ಸದಸ್ಯರ ಜೊತೆ ಬಂದ ಅತಿಥಿಗಳೂ ಅಲ್ಲಿ ಹೊಡೆಯಬಹುದು. ತಾವು ಕೋವಿಯನ್ನು ಮೇಜಿನ ಮೇಲಿಟ್ಟು, ಯಲ್ಲಾ, ಬಾ ನೊರ್ಬರ್ಟ್, ಮೊದಲ ಗುಂಡು ನಿನ್ನದು ಎಂದಿರಿ. ಸದರಿಯವರು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೇಡ ಸರ್, ನೀವು ಹೊಡೆಯಿರಿ ಎಂದರು. ತಾವು ಒಂದು ಕ್ಷಣ ಅವರ ಮುಖ ನೋಡಿ, ಖಲಾಸ್, ಆಯಿತು ಬಿಡು ಎಂದು ತಾವೇ ಹೊಡೆದಿರಿ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ವಿವರಿಸುವುದು ಅಗತ್ಯ. ನಮ್ಮಲ್ಲಿ ಚಾ ಬೇಕಾ ಎಂದರೆ ಬೇಡ ಎನ್ನಬೇಕು. ಬೇಡ ಎಂದವನಿಗೆ ಬೇಡವೆಂದು ಅರ್ಥವಲ್ಲ, ಅವನು ಮರ್ಯಾದಸ್ಥನೆಂದು ಅರ್ಥ. ಆಗ ಮನೆಯವರು ಸ್ವಲ್ಪ ಕುಡಿಯಿರಿ ಎನ್ನಬೇಕು. ಛೇ, ನಿಮಗೆ ಸುಮ್ಮನೆ ತೊಂದರೆ ಎನ್ನಬೇಕು. ಇದರಲ್ಲಿ ಎಂತ ತೊಂದರೆ ಎಂದು ಅವರು ಲೋಟ ಕೈಗೆ ಕೊಟ್ಟೇಬಿಡಬೇಕು. ಒಂದೇ ಸಲಕ್ಕೆ ಹೂಂ ಎಂದವನನ್ನು ಊರಿನಲ್ಲಿ ಆರು ತಿಂಗಳು ಆಡಿಕೊಳ್ಳುತ್ತಾರೆ. ತಮ್ಮಲ್ಲೂ ಖರ್ಜೂರ, ಹಲ್ವಾದ ವಿಷಯದಲ್ಲಿ ಇದೇ ಕ್ರಮ. ಸುವೈಕಿನ ತಮ್ಮ ತೋಟದಲ್ಲಿ ತಮ್ಮ ತಾಯಿಯವರು ಅರ್ಜಿದಾರಳಿಗೆ ಸಾಕು ಸಾಕು ಎಂದರೂ ಹಲ್ವಾ ತಿನ್ನಿಸಿದ್ದನ್ನು ಆಕೆಯ ಹೊಟ್ಟೆ ಇಂದಿಗೂ ಮರೆತಿಲ್ಲ. ಆದರೆ ಕೋವಿ ಹಲ್ವಾ ಅಲ್ಲ, ಬೇಡವೆಂದವನ ಕೈಗೆ ಅದನ್ನು ತುರುಕಬಾರದು ಎಂದು ತಾವು ತಿಳಿದಿರಿ. ಅದು ತಮ್ಮ ದೊಡ್ಡಗುಣ. ಆ ದೊಡ್ಡಗುಣದಿಂದಲೇ ಕೆಲಸ ಕೆಟ್ಟಿದೆ.

6. ಈಚೆಗೆ ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆ ತರಲು ಹೋದಾಗ ಸಿನಾನ್ ಕಾರಿನಲ್ಲಿ ಅರ್ಜಿದಾರಳಿಗೆ ಹೇಳಿದ್ದನ್ನು ಹಾಗೆಯೇ ಬರೆಯಲಾಗಿದೆ: “ಆಂಟಿ, ನೊರ್ಬರ್ಟ್ ಅಂಕಲಿಗೆ ಎಂತದೋ ಹರಕೆ ಉಂಟಂತೆ ಅಲ್ವಾ, ಕೋವಿಯಿಂದ ಹೊಡೀಬಾರ್ದು ಅಂತ? ಅರ್ಬಾಬ್ ಎಲ್ಲರಿಗೂ ಹೇಳಿಟ್ಟಿದ್ದಾರೆ, ಅವರಿಗೆ ಯಾರೂ ಕೊಡ್ಲಿಕ್ಕೆ ಹೋಗ್ಬೇಡಿ, ಬೇಜಾರು ಮಾಡ್ಕೊಳ್ತಾರೆ ಅಂತ.”

ಸದರಿ ನೊರ್ಬರ್ಟಿಗೆ ಇರುವ ಹರಕೆ ಒಂದೇ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಕಾಲದಲ್ಲಿ ಮೀನು ಬಿಡುವುದು. ಅದನ್ನೂ ಸರಿಯಾಗಿ ನಡೆಸಿದವರಲ್ಲ. ಹೀಗಿರುವಲ್ಲಿ ಒಂದು ‘ಬೇಡ ಸರ್’ ಎಂಬ ಮರ್ಯಾದೆಯ ಮಾತು ತಮ್ಮ ಕಡೆ ದಾಟುವಾಗ ವ್ರತವಾಗಿ, ಕ್ಲಬ್ಬಿನವರಿಗೆಲ್ಲ ಸುತ್ತೋಲೆಯಾಗಿ, ವರ್ಷಗಳಿಂದ ಜಾರಿಯಲ್ಲಿದೆ. ತಮ್ಮ ತಮ್ಮಂದಿರು ಹೊಡೆಯುತ್ತಾರೆ, ಅವರ ಮಕ್ಕಳು ಹೊಡೆಯುತ್ತಾರೆ, ಒಮ್ಮೆ ಸಿನಾನ್ ಕೂಡ ಹೊಡೆದಿದ್ದಾರೆ. ಸದರಿಯವರು ಖಾಲಿ ತೋಟೆಗಳನ್ನು ಹೆಕ್ಕಿ ಡಬ್ಬಿಗೆ ಹಾಕುತ್ತಾರೆ.

7. ಮನೆಗೆ ಬಂದು ಅರ್ಜಿದಾರಳು ವಿಚಾರಿಸಿದಳು. ಸದರಿಯವರು ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದರು. ಸಂಭಾಷಣೆ ಕೊಂಕಣಿಯಲ್ಲಿ ನಡೆದಿದ್ದು, ಇಲ್ಲಿ ಕನ್ನಡಕ್ಕೆ ತರಲಾಗಿದೆ.

“ಹೊಡೀಬೇಕು ಅಂತ ನಿಮ್ಗೆ ಇರ್ಲಿಲ್ವಾ?”

“ಇತ್ತು.”

“ಮತ್ತೆ ಬೇಡ ಅಂದದ್ದು ಎಂತಕ್ಕೆ?”

“ಅವ್ರು ಇನ್ನೊಂದು ಸಲ ಕೇಳ್ತಾರೆ ಅಂತ ನಿಂತೆ ಮಾರಾಯ್ತಿ.” ಸ್ವಲ್ಪ ಹೊತ್ತು ಪೇಪರು ಸುತ್ತಿದರು. “ಹೋದಾಗೆಲ್ಲ ನಿಂತಿದ್ದೆ.”

ಮಗಳು ಜೊವಿಟಾ ಒಳಗಿನಿಂದಲೇ, ಪಪ್ಪಾ, ಜಸ್ಟ್ ಆಸ್ಕ್ ಹಿಮ್ ನಾ ಎಂದಳು. ಇಂಡಿಯನ್ ಸ್ಕೂಲಿನಲ್ಲಿ ಕಲಿತವಳು, ಅವಳಿಗೆ ಎಲ್ಲ ಸುಲಭ. ಅದಕ್ಕೆ ಸದರಿಯವರು ಹೇಳಿದ್ದು: “ನಾವು ಕೇಳಿ ಹೊಡೆಯುವುದು ಬೇರೆ ಮಗಾ. ಅವರಾಗಿ ಕೊಡುವುದು ಬೇರೆ.”

ಅರ್ಜಿದಾರಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎರಡೂ ದಾಖಲೆಯಲ್ಲಿರಲಿ.

8. ಊರಿಗೆ ಹೋದ ಮೇಲೆ ಹೊಡೆಯಬಹುದಲ್ಲ ಎಂದು ತಾವು ಕೇಳಬಹುದು. ಸದರಿಯವರಿಗೆ ಅಲ್ಲಿ ಗದ್ದೆಯಿಲ್ಲ, ಹಂದಿಯ ಕಾಟವಿಲ್ಲ, ಅರವತ್ತರ ಮೇಲೆ ಆಸೆಗೆಂದು ಲೈಸೆನ್ಸ್ ಕೇಳಿ ಅರ್ಜಿ ಹಾಕಿದರೆ ಅದನ್ನು ಹಿಡಿದು ಯಾರ ಮುಂದೆ ನಿಲ್ಲಬೇಕಾಗುತ್ತದೆ ಎಂಬುದನ್ನು ಅರ್ಜಿದಾರಳು ಬಲ್ಲಳು. ಮೇಲಾಗಿ ಬೇರೆ ಯಾವ ಕೋವಿಯೂ ಅವರಿಗೆ ಬೇಕಾಗಿಲ್ಲ. ಅವರ ಭುಜಕ್ಕೆ ಸರಿಯಾಗಿ ಕೂರುವ ಕೋವಿ ಲೋಕದಲ್ಲಿ ಒಂದೇ, ಅದು ತಮ್ಮ ಕಪಾಟಿನಲ್ಲಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳು ಕೋರುವುದೇನೆಂದರೆ: ಬರುವ ಶುಕ್ರವಾರ ತಾವು ಬೀಳ್ಕೊಡುಗೆಯ ಊಟಕ್ಕೆ ಮುಂಚೆ ಎಲ್ಲರನ್ನೂ ರೇಂಜಿಗೆ ಕರೆದುಕೊಂಡು ಹೋಗುವವರಿದ್ದೀರಿ. ಅಲ್ಲಿ ಸದರಿ ನೊರ್ಬರ್ಟರನ್ನು ಎರಡನೇ ಸಲ ಕೇಳತಕ್ಕದ್ದು. ಅವರು ಬೇಡ ಸರ್ ಎನ್ನುತ್ತಾರೆ. ಖಲಾಸ್ ಎನ್ನಬಾರದು. ಮೂರನೇ ಸಲ ಕೇಳತಕ್ಕದ್ದು. ಕೈಗಳು ಬೆನ್ನ ಹಿಂದಿನಿಂದ ಪಕ್ಕಕ್ಕೆ ಬಂದದ್ದು ಕಂಡ ಕೂಡಲೇ ಕೇಳುವುದನ್ನು ನಿಲ್ಲಿಸಿ ಕೋವಿಯನ್ನು ಕೊಟ್ಟುಬಿಡತಕ್ಕದ್ದು. ಗುಂಡು ಗುರಿಯ ಹಲಗೆಗೆ ತಾಗಲಿ, ಹಲಗೆಯ ಆಚೆಗಿನ ಮಣ್ಣಿಗೆ ತಾಗಲಿ, ಯಾರೂ ಚಪ್ಪಾಳೆ ತಟ್ಟಬಾರದು ಮತ್ತು ಸ್ವಲ್ಪ ಹೊತ್ತು ಅವರ ಮುಖ ನೋಡಬಾರದು. ಅವರು ದುರ್ಬೀನನ್ನು ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಳ್ಳುವ ಸಂಭವವಿದೆ.

ನಾವು ಹೊರಟ ಮೇಲೆ ತಾವು ಮರವನ್ನು ತಮ್ಮ ಅಳತೆಗೆ ಉದ್ದ ಮಾಡಿಸಿಕೊಳ್ಳಬಹುದು. ಅದಕ್ಕೆ ಅರ್ಜಿದಾರಳ ಪೂರ್ಣ ಒಪ್ಪಿಗೆ ಇದೆ.

ತಮ್ಮ ವಿಶ್ವಾಸಿಯ ಹೆಂಡತಿ,
ಆಗ್ನೆಸ್ ಮಿನೇಜಸ್

ಅಡಕಗಳು:
1. ರೇಂಜಿನಲ್ಲಿ ತೆಗೆದ ಫೋಟೋ, ಒಂದು ಪ್ರತಿ. ಕೈ ಬೆನ್ನ ಹಿಂದೆ ಇರುವವರು ಸದರಿ ನೊರ್ಬರ್ಟ್.
2. ಅದೇ ಹಲಸಿನ ಮರದ ಉಳಿದ ತುಂಡು, ಉದ್ದ ಮಾಡಿಸುವಾಗ ಬಣ್ಣ ಹೊಂದಲೆಂದು.

ವಿಶೇಷ ಸೂಚನೆ: ಅರ್ಜಿದಾರಳು ತನ್ನ ಸೇವಾವಧಿಯಲ್ಲಿ ಒಂದು ಅರ್ಜಿಯನ್ನೂ ಹರಿದವಳಲ್ಲ, ಹರಿಯಲು ಬಿಟ್ಟವಳೂ ಅಲ್ಲ. ಆದರೂ ಇದನ್ನು ಓದಿಸಿಕೊಂಡ ಮೇಲೆ ಫೈಲಿಗೆ ಹಾಕದೆ, ಸಿನಾನ್ ಎದುರಿಗೇ ಹರಿದು ಹಾಕಬೇಕಾಗಿ ವಿನಂತಿ. ಹೀಗೊಂದು ಅರ್ಜಿ ಬಂದಿತ್ತೆಂದು ಸದರಿ ನೊರ್ಬರ್ಟಿಗೆ ಎಂದಿಗೂ ತಿಳಿಯಬಾರದು. ತಾವಾಗಿಯೇ ಕೇಳಿದಿರಿ ಎಂದು ಅವರು ನಂಬಿಕೊಂಡು ಊರಿಗೆ ಹೋಗಬೇಕು.