ಬೂಟು ಸಿಕ್ತಾ ಸಾರ್?

ಕ್ಷೌರಿಕನಿಗೆ ಮಾತು ಹೆಚ್ಚು, ಮಾತಿನ ಜೊತೆ ಕೈ ಆಡಿಸುವುದು ಇನ್ನೂ ಹೆಚ್ಚು. ತನ್ನ ಭಾವಮೈದ ಹೊಸ ಸ್ಕೂಟರಿನ ಸಮೇತ ಚರಂಡಿಗೆ ಬಿದ್ದದ್ದನ್ನು ಅಭಿನಯಿಸಿ ತೋರಿಸುವ ಭರದಲ್ಲಿ, ಗಡ್ಡ ಸಮ ಮಾಡುವ ಮಿಷನ್ನಿನ ಬಾಚಣಿಗೆ ಕಳಚಿ ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಭಾವಮೈದ ಚರಂಡಿಯಿಂದ ಮೇಲೇಳುವಷ್ಟರಲ್ಲಿ ಮಿಷನ್ನು ಕುರ್ಚಿಯಲ್ಲಿ ಕೂತಿದ್ದ ಪಿಟೀಲುಗಾರನ ಎಡಗೆನ್ನೆಯ ಮೇಲೆ ಒಂದು ರಸ್ತೆ ಮಾಡಿ ಮುಗಿಸಿತ್ತು.

“ಅಯ್ಯಯ್ಯೋ! ಪೂರ್ತಿ ತೆಗೆದ್ಬಿಡ್ಲಾ ಸಾರ್? ಅರ್ಧ ಇಟ್ಕೊಂಡು ಏನ್ಮಾಡ್ತೀರಾ?”

ಬೇರೆ ದಾರಿಯಿರಲಿಲ್ಲ. ಗಡ್ಡ ಹೋಯಿತು, ಗಲ್ಲದ ನಡುವಿನ ಗುಳಿ ಹೊರಗೆ ಬಂತು. ಅದನ್ನು ಕನ್ನಡಿಯಲ್ಲಿ ಕಂಡ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಕುಣಿದುಬಿಟ್ಟ.

“ನೀವು... ನೀವು ಬೂಟು ಪುಟ್ಟ ಅಲ್ವಾ? ಬೂಟು ಸಿಕ್ತಾ ಸಾರ್?”

ಈ ಪ್ರಶ್ನೆಗೆ ಹೆದರಿಯೇ ಪಿಟೀಲುಗಾರ ಗಡ್ಡ ಬಿಟ್ಟದ್ದು. ಚಿಕ್ಕವನಿದ್ದಾಗ ಒಂದು ಸಿನಿಮಾದಲ್ಲಿ, ರೈಲು ಹೊರಟುಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಂಟಿ ಬೂಟಿನಲ್ಲಿ ನಿಂತು “ನನ್ ಬೂಟೂ...” ಎಂದು ಅಳುವ ಗುಳಿಗಲ್ಲದ ಹುಡುಗ ಅವನೇ ಆಗಿದ್ದ. ಆ ಅಳು ಮನೆಮನೆ ತಲುಪಿತು. ಅವನು ಬೆಳೆದ ಮೇಲೆ ಸಿನಿಮಾದವರು ಅವನನ್ನು ಮರೆತರು, ಜನ ಮರೆಯಲಿಲ್ಲ. ಅವನು ಪಿಟೀಲು ಕಲಿತ, ನಿಜಕ್ಕೂ ಚೆನ್ನಾಗಿ ಕಲಿತ. ಕಂಡವರು ಕೇಳುತ್ತಿದ್ದುದು ಮಾತ್ರ “ಒಂದ್ಸಲ ಅತ್ತು ತೋರ್ಸಪ್ಪ” ಎಂದೇ. ದಾಕ್ಷಿಣ್ಯಕ್ಕೆ ಅತ್ತರೆ “ಮೊದಲಿನ ಹಾಗಿಲ್ಲ ಬಿಡಿ” ಎಂದು ಮುಖ ಸಿಂಡರಿಸುತ್ತಿದ್ದರು. ಅವನಿಗಾದರೋ ಆ ದಿನದ ನೆನಪಿದ್ದುದು ಇಷ್ಟೇ: ಬಾಯಿ ದೊಡ್ಡದಾಗಿ ತೆಗಿ ಅಂದಿದ್ದರು, ತೆಗೆದಿದ್ದ.

ಗಡ್ಡದ ಜೊತೆಗೆ ನೆಮ್ಮದಿಯೂ ಬಂದಿತ್ತು. ಹಾಡುವವರ ಪಕ್ಕದಲ್ಲಿ ಕೂತು ನುಡಿಸುತ್ತ ನುಡಿಸುತ್ತ ತಲೆ ನರೆಯಿತು. ಇವತ್ತು ಸಂಜೆ, ಜೀವನದಲ್ಲೇ ಮೊದಲ ಸಲ, ಅವನೊಬ್ಬನದೇ ಕಚೇರಿ. ಗಡ್ಡ ಸಮ ಮಾಡಿಸಲು ಬಂದದ್ದೂ ಅದಕ್ಕೇ, ಕ್ಷೌರಿಕನಿಗೆ ಹಾಗೆಂದು ಹೇಳಿಯೂ ಇದ್ದ. ದೊಡ್ಡ ಸಂಗೀತ ಸಂಘದ ಕಾರ್ಯದರ್ಶಿಗಳು ಕೇಳಲು ಬರುವವರಿದ್ದರು. ಅವರು ಮೆಚ್ಚಿದರೆ ಆ ಸಂಘದ ದೊಡ್ಡ ಸಭಾಂಗಣದ ವೇದಿಕೆಯ ನಟ್ಟನಡುವೆ ಕೂರುವ ಯೋಗ. ಆ ಆಸೆಯಲ್ಲಿ ಅವನಿಗೆ ಎರಡು ದಿನದಿಂದ ಊಟವೂ ಸೇರುತ್ತಿರಲಿಲ್ಲ.

ಮನೆಗೆ ಹೋದರೆ ಹೆಂಡತಿ ಬಾಗಿಲು ತೆಗೆದು, “ಯಾರು ಬೇಕಾಗಿತ್ತು?” ಎಂದಳು. ಆಮೇಲೆ ಗುರುತು ಹಿಡಿದು ಬಾಗಿಲಿಗೆ ಒರಗಿ ನಕ್ಕಳು. “ಮದುವೆ ಆದಾಗಿಂದ ಗಡ್ಡದ ಜೊತೇನೇ ಸಂಸಾರ ಮಾಡಿದೀನಿ. ಒಳಗೆ ಇನ್ನೊಬ್ರು ಇದ್ದಾರೆ ಅಂತ ಯಾರೂ ಹೇಳ್ಲೇ ಇಲ್ಲ!”

“ತಮಾಷೆ ಸಾಕು ಮಾರಾಯ್ತಿ. ಮಫ್ಲರ್ ಎಲ್ಲಿಟ್ಟಿದೀಯಾ?”

“ಮಫ್ಲರ್ ಯಾಕ್ರೀ? ಪಿಟೀಲಿನ ಕಡೆ ತಲೆ ಬಾಗಿಸಿದ್ರೆ ಗುಳಿ ತಾನಾಗೇ ಮರೆಯಾಗುತ್ತೆ. ಧೈರ್ಯವಾಗಿ ಹೋಗಿ.”

ಇದು ಅವನಿಗೂ ಸರಿ ಎನಿಸಿತು. ಆದರೆ ಸಂಜೆ ಕಚೇರಿ ನಡೆಯುವ ಸಭಾಂಗಣದ ಬಾಗಿಲಲ್ಲಿ ಕ್ಷೌರಿಕ ಹಲ್ಲು ಕಿರಿದು ನಿಂತಿದ್ದ.

“ನನ್ನಿಂದ ಗಡ್ಡ ಹೋಯ್ತಲ್ಲ ಸಾರ್, ಮನಸ್ಸಿಗೆ ಒಂಥರಾ ಆಗ್ತಿತ್ತು. ಅದಕ್ಕೇ ಬೆಳಗ್ಗೆಯಿಂದ ಕೈಗೆ ಸಿಕ್ಕಿದ ಪ್ರತಿ ತಲೆಗೂ ಇವತ್ತು ಬೂಟು ಪುಟ್ಟನ ಕಚೇರಿ ಅಂತ ಹೇಳಿ ಕಳಿಸಿದೀನಿ. ಒಳಗೆ ನೋಡಿ, ಕಾಲಿಡೋಕೆ ಜಾಗ ಇಲ್ಲ!”

ನಿಜವೇ. ಸಾಲುಸಾಲಾಗಿ ಹೊಸದಾಗಿ ಕತ್ತರಿಸಿದ ತಲೆಗಳು, ಅವುಗಳ ಹೆಂಡಿರು ಮಕ್ಕಳು. ಯಾರೋ ಹೂಗುಚ್ಛದ ಬದಲು ಮಗುವಿನ ಒಂಟಿ ಬೂಟು ತಂದು ವೇದಿಕೆಯ ಅಂಚಿನಲ್ಲಿಟ್ಟರು. ಜೋಡಿಯಾಗಲಿ ಎಂದು ಇನ್ನೊಬ್ಬರು ಪಕ್ಕದಲ್ಲಿ ಇನ್ನೊಂದಿಟ್ಟರು, ಅದರ ಬಣ್ಣ ಬೇರೆ. ಪಿಟೀಲುಗಾರ ತಲೆಯನ್ನು ಪಿಟೀಲಿನ ಕಡೆ ಬಾಗಿಸಿ, ಕಣ್ಣು ಮುಚ್ಚಿ, ಕಮಾನು ಎಳೆದ.

ಅವತ್ತು ಅವನು ನುಡಿಸಿದ ಹಾಗೆ ಹಿಂದೆಂದೂ ನುಡಿಸಿರಲಿಲ್ಲ. ಮೊದಮೊದಲು ಪಿಸುಗುಟ್ಟುತ್ತಿದ್ದ ಜನ ಸುಮ್ಮನಾದರು. ನಡುವೆ ಒಮ್ಮೆ ಕಣ್ಣು ಬಿಟ್ಟು ನೋಡಿದರೆ, ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಅವರ ಪಕ್ಕದಲ್ಲಿ ಒಬ್ಬ ಮುದುಕಿ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೆದ್ದೆ ಅಂದುಕೊಂಡ. ಅವನ ಕಣ್ಣೂ ತೇವವಾಯಿತು.

ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನಿಂದ ಒಂದು ಕೂಗು ಬಂತು: “ಈಗ ಬೂಟು!” ಸಭಾಂಗಣವೆಲ್ಲ ಅದನ್ನೇ ಹಿಡಿದುಕೊಂಡಿತು. ಅಷ್ಟರಲ್ಲಿ ಆ ಮುದುಕಿ ಮೆಲ್ಲಗೆ ವೇದಿಕೆ ಹತ್ತಿ ಬಂದಳು.

“ನಿನ್ನ ಸಂಗೀತ ಕೇಳಿ ಅಳು ಬಂತು ಅಂದ್ಕೋಬೇಡ ಮಗಾ, ಸಂಗೀತ ನಂಗೆ ತಿಳಿಯಲ್ಲ. ಆ ಬೂಟು ನೋಡಿ ಹಳೇದೆಲ್ಲ ನೆನಪಾಯ್ತು. ಸಿನಿಮಾದಲ್ಲಿ ಮಕ್ಕಳ ಪಾತ್ರಕ್ಕೆ ಧ್ವನಿ ಕೊಡ್ತಿದ್ದೋಳು ನಾನು. ನೀನು ಬಾಯಿ ತೆಗೆದೆ, ಮೈಕಿನ ಮುಂದೆ ಅತ್ತೋಳು ನಾನು. ಹೆಸರು ಮಾತ್ರ ನಿಂಗೆ ಬಂತು.”

ಪಿಟೀಲುಗಾರನಿಗೆ ಹೆಗಲ ಮೇಲಿನ ಮೂಟೆ ಇಳಿದಂತಾಯಿತು. ಸಂತೋಷಕ್ಕೆ ಅವಳ ಎರಡೂ ಕೈ ಹಿಡಿದುಕೊಂಡ. ನಂತರ ಮೈಕು ಎಳೆದುಕೊಂಡು ಕೂಗಿದ: “ಮಹನೀಯರೇ, ಆ ಅಳು ನನ್ನದಲ್ಲ! ಈ ತಾಯಿಯದು! ಬೂಟಿನ ವಿಷಯ ಏನಿದ್ದರೂ ಇನ್ನು ಮೇಲೆ ಇವರನ್ನೇ ಕೇಳಿ!”

ಮೊದಲು ಬಾಯಿಬಿಟ್ಟವನು ಕ್ಷೌರಿಕನೇ. “ಹಾಗಾದ್ರೆ ಅಮ್ಮಾ, ನೀವೇ ಒಂದ್ಸಲ!”

ಮುದುಕಿ ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. “ನನ್ ಬೂಟೂ...” ಅದೇ ಅಳು, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಕಾರ್ಯದರ್ಶಿಗಳು ಬೆಚ್ಚಿ ಕಣ್ಣು ಬಿಟ್ಟರು. ನಡುವೆ ಉಸಿರು ತೆಗೆದುಕೊಳ್ಳುತ್ತ ಅವಳು ಇವನ ಕಡೆ ತಿರುಗಿ, “ಸುಮ್ನೆ ಕೂತಿದೀಯಲ್ಲ ಮಗಾ, ಹಿಂದೆ ಸ್ವಲ್ಪ ನುಡಿಸು” ಎಂದಳು.

ಜೀವಮಾನವಿಡೀ ಪಕ್ಕದಲ್ಲಿ ಕೂತು ನುಡಿಸಿದ ಕೈ. ಹೇಳಿದ್ದೇ ತಡ, ಕಮಾನು ತಾನಾಗಿ ಎದ್ದಿತು. ಅಳು ಏರಿದಲ್ಲಿ ಪಿಟೀಲು ಏರಿತು, ಅಳು ಬಿಕ್ಕಿದಲ್ಲಿ ಪಿಟೀಲೂ ಬಿಕ್ಕಿತು. ಸಭೆ ಎದ್ದು ನಿಂತಿತು.

ಕಾರ್ಯದರ್ಶಿಗಳು ಓಡಿ ಬಂದರು. “ಅದ್ಭುತ! ಮುಂದಿನ ತಿಂಗಳು ನಮ್ಮ ಸಭಾಂಗಣದಲ್ಲೇ ಇಟ್ಕೊಳ್ಳೋಣ!”

“ನಾನು... ವೇದಿಕೆಯ ಮಧ್ಯದಲ್ಲಾ?” ಪಿಟೀಲುಗಾರ ಕೇಳಿದ.

“ಮಧ್ಯದಲ್ಲಿ ಅಮ್ಮ, ಪಕ್ಕದಲ್ಲಿ ನೀವು. ಪಕ್ಕವಾದ್ಯ ಅಂದ್ರೆ ಹೀಗಿರ್ಬೇಕು ನೋಡಿ! ಒಂದೇ ಒಂದು ಕೋರಿಕೆ. ಅಮ್ಮ ಅಳೋವಾಗ ನೀವು ನುಡಿಸ್ತಾನೇ ಸ್ವಲ್ಪ ಬಾಯಿ ತೆಗೆದಿರಿ. ಜನಕ್ಕೆ ಅದು ನೆನಪಿದೆ.”

ಪಿಟೀಲುಗಾರನ ಬಾಯಿ ಆಗಲೇ ತೆರೆದುಕೊಂಡಿತ್ತು.

“ಹಾಂ,” ಎಂದರು ಕಾರ್ಯದರ್ಶಿಗಳು, “ಹೀಗೇ!”