ಸಿಡುಬು ಆಗಿಲ್ಲವೆಂದು ಬರೆಸಿದ್ದನ್ನು ತಿದ್ದುವ ಬಗ್ಗೆ

ಇಂದ:
ಸುಮಿತ್ರಮ್ಮ, ೬೨ ವರ್ಷ,
ಕೊಬ್ಬರಿ ವ್ಯಾಪಾರ, ಅರಸೀಕೆರೆ.

ಗೆ:
ಮುಖ್ಯಸ್ಥರು,
ಚರ್ಮದ ನೆನಪಿನ ಅಧ್ಯಯನ ತಂಡ,
ಅರಸೀಕೆರೆ ಶಿಬಿರ.

ವಿಷಯ: ತಮ್ಮ ನಮೂನೆಯ ಕಲಂ ೯ರಲ್ಲಿ "ಇಲ್ಲ" ಎಂದಿರುವುದನ್ನು "ಹೌದು" ಎಂದು ತಿದ್ದುವ ಹಾಗೂ ಅಣ್ಣನನ್ನು ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ಅರ್ಜಿದಾರರ ಎಡ ಮುಂಗೈ.

ಮಾನ್ಯರೇ,

೧. ಒಮ್ಮೆ ಬಂದುಹೋದ ರೋಗವನ್ನು ಚರ್ಮ ಎಷ್ಟು ಕಾಲ ನೆನಪಿಡುತ್ತದೆಂದು ತಿಳಿಯಲು ತಮಗೆ ಸೀತಾಳೆ ಸಿಡುಬು ಆದವರೂ ಆಗದವರೂ ಬೇಕಾಗಿದ್ದರು. ಸದರಿ ಅರ್ಜಿದಾರರು ಆಗದವರ ಸಾಲಿನಲ್ಲಿ ಜಂಬದಿಂದ ನಿಂತರು.

೨. ಕಾರಣ, ಅಕ್ಕನ ಮದುವೆಯ ಫೋಟೋದಲ್ಲಿ ಮನೆಮಂದಿಯೆಲ್ಲ ಇದ್ದಾರೆ. ಆಗ ನಾಲ್ಕು ವರ್ಷದವರಾಗಿದ್ದ ಅರ್ಜಿದಾರರು ಮಾತ್ರ ಇಲ್ಲ. "ನಿಂಗೆ ಸಿಡುಬು ಎದ್ದಿತ್ತು ಕಣವ್ವ, ಸೋದರತ್ತೆ ಮನೇಲಿ ಬಿಟ್ಟಿದ್ವಿ" ಎಂದು ಅಣ್ಣ ಇಂದುಧರಪ್ಪನವರು ಹೇಳುತ್ತಲೇ ಬಂದಿದ್ದರು. ಆದರೆ ಮೈಮೇಲೆ ಒಂದು ಕಲೆಯೂ ಇಲ್ಲ. ನಾಲ್ಕನೇ ಹೆಣ್ಣು ಯಾರಿಗೂ ಬೇಕಿರಲಿಲ್ಲ, ಅದಕ್ಕೇ ಬಿಟ್ಟುಹೋದರೆಂದು ತಿಳಿದ ಅರ್ಜಿದಾರರು, ಏಳು ವರ್ಷದ ಹಿಂದೆ ನೆಂಟರೆದುರೇ ಅಣ್ಣನನ್ನು "ಸುಳ್ಳುಗಾರ" ಎಂದುಬಿಟ್ಟರು. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು.

೩. ತಮ್ಮ ತಂಡದ ಡಾಕ್ಟರ್ ದರ್ಶಿನಿಯವರು ಸತ್ತ ಸಿಡುಬಿನ ಸಾರವನ್ನು ಮುಂಗೈಗೆ ಚುಚ್ಚಿದರು. ಮೂರನೇ ದಿನ ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟಗಲ ಕೆಂಪಗೆ ಊದಿತು. ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಹದಿನೈದು ದಿನ ಬಿಟ್ಟು, "ಸುಮಿತ್ರಮ್ಮನವರೇ, ನಿಮಗೆ ಚಿಕ್ಕಂದಿನಲ್ಲಿ ಸಿಡುಬು ಆಗಿದೆ. ನಿಮ್ಮ ಚರ್ಮಕ್ಕೆ ಚೆನ್ನಾಗಿ ನೆನಪಿದೆ" ಎಂದರು.

೪. ಆದ್ದರಿಂದ ಅರ್ಜಿದಾರರು ಕೊಬ್ಬರಿ ಮಂಡಿಗೆ ಬೀಗ ಜಡಿದು, ಬೇಲೂರು ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದರು. ದಾರಿಯುದ್ದಕ್ಕೂ ಒಬ್ಬರೇ ನಗುತ್ತಿದ್ದ ಕಾರಣ ಕಂಡಕ್ಟರ್ ಟಿಕೆಟ್ ಕೊಡಲೂ ಹಿಂಜರಿದರು. ಅಣ್ಣನ ಬಾಗಿಲಲ್ಲಿ ಕೈ ಚಾಚಿ, "ನೀನಂದಿದ್ದು ದಿಟ ಕಣಣ್ಣ" ಎಂದರು.

ಅಣ್ಣ ಚರ್ಮ ತೆಗೆದ ಜಾಗವನ್ನೇ ನೋಡಿ, "ದಿಟ ಪೂರ್ತಿ ಹೇಳಿರ್ಲಿಲ್ಲ ಕಣವ್ವ. ಮೊದ್ಲು ಎದ್ದಿದ್ದು ನಂಗೆ. ಮಗೀನ ಮುಟ್ಬೇಡ ಅಂದಿದ್ರು. ನಾನು ಕೇಳ್ದೆ ನಿನ್ನ ದಿನಾ ಎತ್ಕಂಡು ತಿರುಗಿದೆ. ನಿಂಗೆ ಅಂಟಿಸಿ, ನಾನ್ ಹೋಗಿ ಮದ್ವೆ ಊಟ ಉಂಡೆ" ಎಂದರು.

ಅರ್ಜಿದಾರರು ಬೈಯಬೇಕೆಂದು ಬಾಯಿ ತೆರೆದರು, ನಗು ಬಂತು, ಹಿಂದೆಯೇ ಅಳುವೂ ಬಂತು. ಬೇಡದ ಮಗುವನ್ನು ಯಾರೂ ದಿನಾ ಎತ್ತಿಕೊಂಡು ತಿರುಗುವುದಿಲ್ಲ.

೫. "ನನ್ನ ಕೈನೂ ನೋಡ್ಲಿ, ನಾನೂ ಬತ್ತೀನಿ" ಎಂದು ಅಣ್ಣನವರು ಈಗ ಹಟ ಹಿಡಿದಿದ್ದಾರೆ. ತಮ್ಮ ವಯೋಮಿತಿ ಅರವತ್ತೈದು, ಅವರಿಗೆ ಎಪ್ಪತ್ತು.

ಆದಕಾರಣ ಕಲಂ ೯ನ್ನು ತಿದ್ದಿ, ಐದು ವರ್ಷಗಳ ರಿಯಾಯಿತಿ ದಯಪಾಲಿಸಿ, ಅಣ್ಣನವರಿಗೂ ಚುಚ್ಚಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಸುಮಿತ್ರಮ್ಮ

ಲಗತ್ತುಗಳು:
೧. ಅಣ್ಣನವರ ಆಧಾರ್ ಕಾರ್ಡ್ (ನಕಲು).
೨. ಅಣ್ಣನವರು (ಅಸಲು). ಅಂಗಿಯ ತೋಳು ಮಡಚಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಪರಿಶೀಲನೆಯ ನಂತರ ತಪ್ಪದೆ ಹಿಂದಿರುಗಿಸತಕ್ಕದ್ದು.